ಪುಂಟ್‌ಲ್ಯಾಂಡ್‌ನ ಇಪ್ಪತ್ತರ ಹುಡುಗರಿಗೆ ಮತ ಯಾವಾಗ?

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಮುಗಿದ ಮೇಲೆ ಒಂದು ರೂಢಿ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಸೀನಿಯರ್ ಒಬ್ಬರು ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಕೂರುತ್ತಾರೆ. ನಾವು ನಾಲ್ಕೈದು ಮಂದಿ ಸುತ್ತ ಕುಳಿತು ಉತ್ತರ ಹೇಳುತ್ತೇವೆ. ಒಂದು ದಿನ ಅವರು ‘ಸೊಮಾಲಿಯಾ...’ ಎಂದು ಪ್ರಶ್ನೆ ಶುರು ಮಾಡಿದರು. ಅವರು ಮುಗಿಸುವ ಮೊದಲೇ ಮೂವರು ಒಟ್ಟಿಗೆ ‘ಕಡಲ್ಗಳ್ಳರು!’ ಎಂದೆವು. ಎಲ್ಲರೂ ನಕ್ಕೆವು. ಅಸಲಿಗೆ ಪ್ರಶ್ನೆ ಇದ್ದದ್ದು ಆ ದೇಶದ ರಾಜಧಾನಿಯ ಬಗ್ಗೆ.

ನಕ್ಕವರಲ್ಲಿ ನಾನೂ ಒಬ್ಬ. ನಗಬಾರದಿತ್ತು. ನಮ್ಮೂರು ಕುಮಟಾ ಹತ್ತಿರದ ಒಂದು ಹಳ್ಳಿ. ಪಕ್ಕದ ಮನೆಯ ಅಣ್ಣ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಾರೆ. 2023ರ ಡಿಸೆಂಬರ್‌ನಲ್ಲಿ ಕಡಲ್ಗಳ್ಳರು ‘ಎಂ.ವಿ. ರುಯೆನ್’ ಎಂಬ ಹಡಗನ್ನು ಅಪಹರಿಸಿ ಸೊಮಾಲಿಯಾದ ತೀರಕ್ಕೆ ಒಯ್ದರು. 2024ರ ಮಾರ್ಚ್‌ನಲ್ಲಿ ನಮ್ಮ ನೌಕಾಪಡೆ ಸುಮಾರು 40 ಗಂಟೆಗಳ ಕಾರ್ಯಾಚರಣೆ ನಡೆಸಿ, ಅದರಲ್ಲಿದ್ದ 17 ನಾವಿಕರನ್ನು ಬಿಡಿಸಿತು. 35 ಕಡಲ್ಗಳ್ಳರು ಶರಣಾಗಿ ಮುಂಬೈಗೆ ಬಂದರು. ಆ ಮೂರು ತಿಂಗಳು ಪಕ್ಕದ ಮನೆಯ ಅಣ್ಣನ ಆಯಿ ಟೀವಿ ಮುಂದಿನಿಂದ ಎದ್ದದ್ದೇ ಕಡಿಮೆ. ಮಗನ ಹಡಗು ಓಡಾಡುತ್ತಿದ್ದುದೂ ಅದೇ ದಾರಿಯಲ್ಲಿ.

ಶರಣಾದವರನ್ನು ಟೀವಿಯಲ್ಲಿ ತೋರಿಸಿದ ದಿನ ಅವರು ನನ್ನನ್ನು ಕೇಳಿದ ಮಾತು ನನಗೆ ಇನ್ನೂ ನೆನಪಿದೆ. ‘ಅಲ್ವೋ ತಮಾ, ಈ ಹುಡುಗರಿಗೆ ಅವರೂರಲ್ಲಿ ಮಾಡೂಕೆ ಬೇರೆ ಕೆಲ್ಸ ಇಲ್ವೇನೋ?’ ಅದರಲ್ಲಿ ಸಿಟ್ಟೂ ಇತ್ತು, ಕನಿಕರವೂ ಇತ್ತು. ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಪುಂಟ್‌ಲ್ಯಾಂಡ್. ಅಲ್ಲಿಯ ಕಥೆ ಓದಿದಷ್ಟೂ ನನಗೆ ಅನ್ನಿಸಿದ್ದು ಒಂದೇ: ಅಲ್ಲಿನ ಹಿರಿಯರು ಒಂದು ರಾಜ್ಯವನ್ನು ಬರಿಗೈಯಲ್ಲಿ ಕಟ್ಟಿದರು, ಅದಕ್ಕೆ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಕಿರಿಯರ ಕೈಗೆ ಮತವನ್ನು ಕೊಡದೆ ಆ ಕೆಲಸ ಪೂರ್ತಿಯಾಗುವುದಿಲ್ಲ.

ಎಲ್ಲಿದೆ, ಏನಿದು?

ಆಫ್ರಿಕಾದ ನಕಾಶೆ ನೋಡಿ. ಪೂರ್ವಕ್ಕೆ ಚಾಚಿದ ಕೊಂಬಿನಂಥ ತುದಿ ಇದೆಯಲ್ಲ, ಅದೇ ಪುಂಟ್‌ಲ್ಯಾಂಡ್. ಉತ್ತರಕ್ಕೆ ಏಡನ್ ಕೊಲ್ಲಿ, ಪೂರ್ವಕ್ಕೆ ಹಿಂದೂ ಮಹಾಸಾಗರ. ಸೊಮಾಲಿಯಾದ ಸುಮಾರು ಮೂರನೇ ಒಂದು ಭಾಗದಷ್ಟು ನೆಲ ತನ್ನದು ಎನ್ನುತ್ತದೆ ಈ ರಾಜ್ಯ. ರಾಜಧಾನಿ ಗರೊವೆ, ಮುಖ್ಯ ಬಂದರು ಬೊಸಾಸೊ. ಹೆಸರು ಬಂದದ್ದು ಪ್ರಾಚೀನ ಈಜಿಪ್ಟಿನವರು ಸುಗಂಧದ ಅಂಟು ತರಲು ಹಡಗು ಕಳಿಸುತ್ತಿದ್ದ ‘ಪುಂಟ್’ ನಾಡಿನಿಂದ. ರಾಣಿ ಹಟ್‌ಶೆಪ್‌ಸುಟ್ ಕಳಿಸಿದ ಹಡಗುಗಳ ಚಿತ್ರ ಅಲ್ಲಿನ ದೇವಾಲಯದ ಗೋಡೆಯ ಮೇಲೆ ಇಂದಿಗೂ ಇದೆ. ಆ ಪುಂಟ್ ಸರಿಯಾಗಿ ಎಲ್ಲಿತ್ತು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ಆದರೂ ಗರೊವೆಯವರು ಆ ಹೆಸರನ್ನು ಅಭಿಮಾನದಿಂದ ಇಟ್ಟುಕೊಂಡಿದ್ದಾರೆ.

ಪಕ್ಕದ ಸೊಮಾಲಿಲ್ಯಾಂಡ್‌ನೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಪರೀಕ್ಷೆಗೆ ಓದುವವರು ಇದೊಂದು ವ್ಯತ್ಯಾಸ ನೆನಪಿಡಿ. ಸೊಮಾಲಿಲ್ಯಾಂಡ್ 1991ರಲ್ಲಿ ತಾನು ಪ್ರತ್ಯೇಕ ದೇಶ ಎಂದು ಘೋಷಿಸಿಕೊಂಡಿತು. ಪುಂಟ್‌ಲ್ಯಾಂಡ್ ಹಾಗೆ ಮಾಡಲಿಲ್ಲ. ‘ಸೊಮಾಲಿಯಾ ಒಂದೇ, ಆದರೆ ಅದು ರಾಜ್ಯಗಳ ಒಕ್ಕೂಟ ಆಗಬೇಕು, ಅಲ್ಲಿಯವರೆಗೆ ನಮ್ಮ ಮನೆ ನಾವು ನೋಡಿಕೊಳ್ಳುತ್ತೇವೆ’ ಎಂದಿತು. ಇಬ್ಬರ ನಡುವೆ ಸೂಲ್ ಮತ್ತು ಸನಾಗ್ ಪ್ರದೇಶಗಳಿಗಾಗಿ ಹಳೆಯ ಜಗಳವೂ ಇದೆ.

ಮೂರು ತಿಂಗಳು ಕುಳಿತು ಮಾತಾಡಿದರು

1969ರ ಮಾರ್ಚ್‌ನಲ್ಲಿ ಸೊಮಾಲಿಯಾದಲ್ಲಿ ಚುನಾವಣೆ ನಡೆದಿತ್ತು. ಅದೇ ಅಕ್ಟೋಬರ್‌ನಲ್ಲಿ ಸೇನಾಧಿಕಾರಿ ಸಿಯಾದ್ ಬಾರೆ ಅಧಿಕಾರ ಕಿತ್ತುಕೊಂಡರು. 1977-78ರಲ್ಲಿ ಇಥಿಯೋಪಿಯಾದ ಮೇಲೆ ನಡೆಸಿದ ಯುದ್ಧದಲ್ಲಿ ಸೋತ ಮೇಲೆ, 1978ರ ಏಪ್ರಿಲ್‌ನಲ್ಲಿ ಕೆಲವು ಸೇನಾಧಿಕಾರಿಗಳು ಅವರ ವಿರುದ್ಧ ದಂಗೆ ಎದ್ದರು. ದಂಗೆ ವಿಫಲವಾಯಿತು. ಅದರಲ್ಲಿದ್ದ ಬಹುತೇಕರು ಈಶಾನ್ಯ ಭಾಗದ ಮಜೆರ್ತೀನ್ ಕುಲದವರು. ಹಾಗಾಗಿ ಸಿಟ್ಟು ಇಡೀ ಕುಲದ ಮೇಲೆ ತಿರುಗಿತು. ಮುದುಗ್ ಪ್ರದೇಶದಲ್ಲಿ ಸೈನಿಕರು ಮಳೆನೀರು ಹಿಡಿದಿಡುವ ತೊಟ್ಟಿಗಳನ್ನೇ ಒಡೆದು ಹಾಕಿದರು. ಮಳೆಯೇ ಅಪರೂಪವಾದ ನೆಲದಲ್ಲಿ ನೀರಿನ ತೊಟ್ಟಿ ಒಡೆಯುವುದು ಎಂದರೆ ಜನರನ್ನೂ ಜಾನುವಾರುಗಳನ್ನೂ ಬಾಯಾರಿಕೆಯಿಂದ ಕೊಲ್ಲುವುದು ಎಂದೇ ಅರ್ಥ.

ದಂಗೆಯಿಂದ ತಪ್ಪಿಸಿಕೊಂಡ ಅಧಿಕಾರಿಗಳಲ್ಲಿ ಒಬ್ಬರು ಅಬ್ದುಲ್ಲಾಹಿ ಯೂಸುಫ್ ಅಹ್ಮದ್. ಇಥಿಯೋಪಿಯಾಕ್ಕೆ ಹೋಗಿ ಸಶಸ್ತ್ರ ಸಂಘಟನೆ ಕಟ್ಟಿದರು. 1991ರ ಜನವರಿಯಲ್ಲಿ ಬಾರೆ ಸರ್ಕಾರ ಬಿತ್ತು. ಅದರ ಜೊತೆ ದೇಶವೂ ಬಿತ್ತು. ರಾಜಧಾನಿ ಮೊಗದಿಶುವಿನ ಬೀದಿಗಳಲ್ಲಿ ಕುಲ ನೋಡಿ ಕೊಲ್ಲುವ ದಿನಗಳು ಬಂದವು. ಈಶಾನ್ಯ ಮೂಲದ ಸಾವಿರಾರು ಕುಟುಂಬಗಳು ತಾವು ಎಂದೂ ವಾಸಿಸದ ಅಜ್ಜ-ಮುತ್ತಜ್ಜರ ಊರುಗಳಿಗೆ ಓಡಿ ಬಂದವು. ಮೇಷ್ಟ್ರುಗಳು, ಡಾಕ್ಟರುಗಳು, ವ್ಯಾಪಾರಿಗಳು, ಗುಮಾಸ್ತರು ಎಲ್ಲರೂ ಬಂದರು. ಬೊಸಾಸೊ ಎಂಬ ಸಣ್ಣ ಬಂದರು ಊರು ಕೆಲವೇ ವರ್ಷಗಳಲ್ಲಿ ನಗರವಾಯಿತು.

ಏಳು ವರ್ಷ ಕಾದರು. ಮೊಗದಿಶುವಿನಲ್ಲಿ ಸರ್ಕಾರ ಎದ್ದು ನಿಲ್ಲುವ ಲಕ್ಷಣ ಕಾಣಲಿಲ್ಲ. 1998ರ ಮೇ ತಿಂಗಳಲ್ಲಿ ಗರೊವೆಯಲ್ಲಿ ಒಂದು ಸಮ್ಮೇಳನ ಸೇರಿತು. ‘ಇಸಿಮ್’ ಎಂದು ಕರೆಯುವ ಕುಲದ ಹಿರಿಯರು, ವ್ಯಾಪಾರಿಗಳು, ಓದಿದವರು, ಮಹಿಳಾ ಪ್ರತಿನಿಧಿಗಳು ಮೂರು ತಿಂಗಳ ಕಾಲ ಕುಳಿತು ಮಾತಾಡಿದರು. 1998ರ ಆಗಸ್ಟ್ 1ರಂದು ಪುಂಟ್‌ಲ್ಯಾಂಡ್ ಹುಟ್ಟಿತು. ಅಬ್ದುಲ್ಲಾಹಿ ಯೂಸುಫ್ ಮೊದಲ ಅಧ್ಯಕ್ಷರಾದರು. ದೇಶದ ಉಳಿದ ಭಾಗಗಳಲ್ಲಿ ಬಂದೂಕು ಹಿಡಿದು ಮಾಡಲಾಗದ್ದನ್ನು ಇವರು ಚಾಪೆ ಹಾಸಿ ಮಾಡಿದರು.

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಅಡಿಪಾಯದ ಬೆಲೆ ಏನೆಂದು ನನಗೆ ತಕ್ಕಮಟ್ಟಿಗೆ ಗೊತ್ತು. ಖಜಾನೆ ಇಲ್ಲ, ಸೇನೆ ಇಲ್ಲ, ಯಾವ ದೇಶದ ಮಾನ್ಯತೆಯೂ ಇಲ್ಲ. ಅಂಥ ಕಡೆ ಒಂದು ರಾಜ್ಯದ ಅಡಿಪಾಯ ಹಾಕಲು ಇದ್ದ ಒಂದೇ ಸಾಮಗ್ರಿ ಹಿರಿಯರ ಮಾತಿನ ಮೇಲಿನ ನಂಬಿಕೆ. ಮುಂದೆ 2012ರಲ್ಲಿ ಸೊಮಾಲಿಯಾಕ್ಕೆ ಬಂದ ತಾತ್ಕಾಲಿಕ ಸಂವಿಧಾನ ಇಡೀ ದೇಶವನ್ನೇ ಒಕ್ಕೂಟ ಎಂದಿತು. ಜುಬಾಲ್ಯಾಂಡ್, ಗಲ್ಮುದುಗ್ ಮೊದಲಾದ ರಾಜ್ಯಗಳು ಆಮೇಲೆ ಬಂದವು. ಆ ದಾರಿಯನ್ನು ಮೊದಲು ತೋರಿಸಿದ್ದು ಗರೊವೆ.

ಅರವತ್ತಾರು ಮಂದಿ

ಈಗ ಆಡಳಿತದ ವಿಷಯಕ್ಕೆ ಬರೋಣ. ಪುಂಟ್‌ಲ್ಯಾಂಡ್ ಸಂಸತ್ತಿನಲ್ಲಿ 66 ಸದಸ್ಯರು. ಯಾವ ಕುಲಕ್ಕೆ ಎಷ್ಟು ಸ್ಥಾನ ಎಂಬುದು ಮೊದಲೇ ಗೊತ್ತು. ಆಯಾ ಕುಲದ ಹಿರಿಯರು ತಮ್ಮ ಪ್ರತಿನಿಧಿಯನ್ನು ಆರಿಸಿ ಕಳಿಸುತ್ತಾರೆ. ಆ 66 ಮಂದಿ ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ. ಅವಧಿ ಐದು ವರ್ಷ. ಜನಸಾಮಾನ್ಯರಿಗೆ ಮತಪೆಟ್ಟಿಗೆಯ ಹತ್ತಿರ ಹೋಗುವ ಕೆಲಸವೇ ಇಲ್ಲ.

ಇದನ್ನು ಕೇಳಿದ ಕೂಡಲೇ ಮೂಗು ಮುರಿಯುವುದು ಸುಲಭ. ಆದರೆ ಇದರ ಒಳ್ಳೆಯ ಮುಖವನ್ನೂ ನೋಡಬೇಕು. 2014ರ ಜನವರಿ 8ರಂದು ನಡೆದ ಆಯ್ಕೆಯಲ್ಲಿ ಅಧಿಕಾರದಲ್ಲಿದ್ದ ಅಬ್ದಿರಹಮಾನ್ ಫರೋಲೆ ಅವರಿಗೆ 32 ಮತ, ಎದುರಾಳಿ ಅಬ್ದಿವೆಲಿ ಅಲಿ ಗಾಸ್ ಅವರಿಗೆ 33 ಮತ. ಒಂದೇ ಒಂದು ಮತದ ಅಂತರ. ಫರೋಲೆ ಸೋಲೊಪ್ಪಿಕೊಂಡು ಕುರ್ಚಿ ಬಿಟ್ಟರು. 2009ರಲ್ಲಿ ಅವರ ಹಿಂದಿನವರೂ ಹಾಗೆಯೇ ಸೋತು ಇಳಿದಿದ್ದರು. 2019ರಲ್ಲಿ ಗಾಸ್ ಸರದಿ. ಆಗ ಗೆದ್ದವರು ಈಗಿನ ಅಧ್ಯಕ್ಷ ಸಯೀದ್ ಅಬ್ದುಲ್ಲಾಹಿ ದೆನಿ. ಆ ಭಾಗದಲ್ಲಿ ಅಧ್ಯಕ್ಷರು ಸೋತು ಶಾಂತಿಯಿಂದ ಮನೆಗೆ ಹೋಗುವುದು ಸಣ್ಣ ಸಂಗತಿಯಲ್ಲ.

ಹಾಗೆಂದು ಎಲ್ಲವೂ ಸರಿಯಿತ್ತು ಎಂದಲ್ಲ. 2001ರಲ್ಲಿ ತಮ್ಮ ಅವಧಿ ಮುಗಿದರೂ ಅಬ್ದುಲ್ಲಾಹಿ ಯೂಸುಫ್ ಕುರ್ಚಿ ಬಿಡಲು ಒಪ್ಪಲಿಲ್ಲ. ಹಿರಿಯರ ಸಭೆ ಜಾಮಾ ಅಲಿ ಜಾಮಾ ಎಂಬವರನ್ನು ಆರಿಸಿತು. ಯೂಸುಫ್ ಇಥಿಯೋಪಿಯಾದ ಬೆಂಬಲದೊಂದಿಗೆ ಬಂದೂಕಿನ ಬಲದಿಂದ ಮರಳಿ ಬಂದರು. 2003ರಲ್ಲಿ ರಾಜಿಯಾಗುವವರೆಗೂ ರಾಜ್ಯ ಎರಡು ಹೋಳು. ಅಂದರೆ ಹಿರಿಯರ ಮಾತು ನಡೆಯುವುದು ಕೇಳುವವರಿಗೆ ಮನಸ್ಸಿದ್ದಾಗ ಮಾತ್ರ. ಮನಸ್ಸಿಲ್ಲದವರನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಇನ್ನೊಂದು ಕೊರತೆ ಕಣ್ಣಿಗೆ ಕಾಣುವಂಥದ್ದು. ಹಿರಿಯರು ಎಂದರೆ ಗಂಡಸರು. ಅವರು ಆರಿಸುವ ಪಟ್ಟಿಯಲ್ಲಿ ಮಹಿಳೆಯರೂ ಕಿರಿಯರೂ ತೀರಾ ಕಡಿಮೆ.

ಆಡು, ಒಂಟೆ, ಅಂಟು ಮತ್ತು ಫೋನ್

ಪುಂಟ್‌ಲ್ಯಾಂಡ್ ಬದುಕುವುದು ಮುಖ್ಯವಾಗಿ ಜಾನುವಾರಿನಿಂದ. ಆಡು, ಕುರಿ, ಒಂಟೆಗಳು ಬೊಸಾಸೊ ಬಂದರಿನಿಂದ ಹಡಗು ಹತ್ತಿ ಅರಬ್ ದೇಶಗಳಿಗೆ ಹೋಗುತ್ತವೆ. ಹಜ್ ಸಮಯ ಬಂತೆಂದರೆ ಬಂದರಿಗೆ ಸುಗ್ಗಿ. ಆದರೆ ಒಂದೇ ಬೆಳೆ ನಂಬಿದ ರೈತನ ಪಾಡು ನಮಗೆ ಗೊತ್ತಲ್ಲವೇ? ಜಾನುವಾರಿಗೆ ತಗಲುವ ರಿಫ್ಟ್ ವ್ಯಾಲಿ ಜ್ವರದ ಭಯದಿಂದ ಸೌದಿ ಅರೇಬಿಯಾ 2000ರಲ್ಲಿ ಸೊಮಾಲಿ ಜಾನುವಾರು ಬೇಡ ಎಂದಿತು. ಆ ನಿಷೇಧ ತೆರವಾದದ್ದು 2009ರಲ್ಲಿ.

ಎರಡನೆಯದು ಸುಗಂಧದ ಅಂಟು, ಅಂದರೆ ಫ್ರಾಂಕಿನ್‌ಸೆನ್ಸ್. ಉತ್ತರದ ಕಲ್ಲುಬೆಟ್ಟಗಳಲ್ಲಿ ಬೆಳೆಯುವ ಬೊಸ್ವೆಲಿಯಾ ಮರದ ತೊಗಟೆಗೆ ಗಾಯ ಮಾಡಿ, ಒಸರಿ ಒಣಗಿದ ಅಂಟನ್ನು ಕೆರೆದು ತೆಗೆಯುತ್ತಾರೆ. ಚರ್ಚುಗಳ ಧೂಪಕ್ಕೂ ದುಬಾರಿ ಸುಗಂಧ ದ್ರವ್ಯಗಳಿಗೂ ಅದೇ ಬೇಕು. ಬೆಟ್ಟ ಹತ್ತಿ ಮರ ಗೀರುವವನಿಗೆ ಸಿಗುವುದಕ್ಕೂ ಯುರೋಪಿನ ಅಂಗಡಿಯ ಬೆಲೆಗೂ ಅಜಗಜಾಂತರ.

ಮೂರನೆಯದು ಮೀನು. ಇಷ್ಟು ಉದ್ದದ ಕರಾವಳಿ ಇದ್ದರೂ ಶೀತಲಗೃಹ, ಜೆಟ್ಟಿ, ರಸ್ತೆಗಳ ಕೊರತೆಯಿಂದ ಮೀನುಗಾರಿಕೆ ಸಣ್ಣದಾಗಿಯೇ ಉಳಿದಿದೆ. 2004ರ ಡಿಸೆಂಬರ್‌ನಲ್ಲಿ ನಮ್ಮ ತಮಿಳುನಾಡಿನ ತೀರಕ್ಕೆ ಬಡಿದ ಸುನಾಮಿಯೇ ಸಾಗರ ದಾಟಿ ಪುಂಟ್‌ಲ್ಯಾಂಡ್‌ನ ಹಾಫುನ್ ಊರಿಗೂ ಬಡಿಯಿತು. ದೋಣಿ, ಬಲೆ ಎಲ್ಲ ಕೊಚ್ಚಿ ಹೋದವು.

ನಾಲ್ಕನೆಯದು ಹೊರದೇಶಗಳಲ್ಲಿರುವ ಬಂಧುಗಳು ಕಳಿಸುವ ಹಣ. ಗಲ್ಫ್‌ನಿಂದ ಬರುವ ಹಣದಿಂದ ಮನೆ ನಡೆಸುವ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. 2001ರ ನವೆಂಬರ್‌ನಲ್ಲಿ ಅಮೆರಿಕವು ಭಯೋತ್ಪಾದನೆಯ ಶಂಕೆಯ ಮೇಲೆ ‘ಅಲ್ ಬರಕಾತ್’ ಎಂಬ ಹಣ ವರ್ಗಾವಣೆ ಕಂಪನಿಯನ್ನು ಮುಚ್ಚಿಸಿದಾಗ ಸಾವಿರಾರು ಸೊಮಾಲಿ ಮನೆಗಳ ಒಲೆಗೇ ಪೆಟ್ಟು ಬಿತ್ತು. ಅದರ ಫೋನ್ ವ್ಯವಹಾರವೂ ನಿಂತಿತು. ಮರುವರ್ಷವೇ ಪುಂಟ್‌ಲ್ಯಾಂಡ್‌ನ ವ್ಯಾಪಾರಿಗಳು ‘ಗೋಲಿಸ್’ ಎಂಬ ಟೆಲಿಕಾಂ ಕಂಪನಿ ಕಟ್ಟಿದರು. ಇವತ್ತು ಅಲ್ಲಿ ಅಂಗಡಿ ಬಿಲ್ಲಿನಿಂದ ಹಿಡಿದು ಸಂಬಳದವರೆಗೆ ಮೊಬೈಲ್‌ನಲ್ಲೇ ಡಾಲರ್ ಲೆಕ್ಕದಲ್ಲಿ ಹಣ ಓಡಾಡುತ್ತದೆ. ನಾವು ಯುಪಿಐ ನೋಡಿ ಹೆಮ್ಮೆ ಪಡುತ್ತೇವೆ, ಪಡಬೇಕಾದದ್ದೇ. ಆದರೆ ನಮ್ಮ ಹಿಂದೆ ರಿಸರ್ವ್ ಬ್ಯಾಂಕ್ ಇದೆ. ಅವರು ಗಟ್ಟಿಯಾದ ಕೇಂದ್ರ ಬ್ಯಾಂಕಿನ ಆಸರೆ ಇಲ್ಲದೆಯೇ ಅದನ್ನು ಕಟ್ಟಿಕೊಂಡರು.

ಖಾಸಗಿಯವರು ಇಷ್ಟೆಲ್ಲ ಮಾಡಿದರೂ ಸರ್ಕಾರದ ಗಲ್ಲಾಪೆಟ್ಟಿಗೆ ಮಾತ್ರ ಹಗುರ. ಮುಖ್ಯ ಆದಾಯ ಬೊಸಾಸೊ ಬಂದರಿನ ಸುಂಕ. ದುಡ್ಡು ಸಾಲದಾದಾಗ ಹಿಂದಿನ ಆಡಳಿತಗಳು ಸೊಮಾಲಿ ಶಿಲ್ಲಿಂಗ್ ನೋಟುಗಳನ್ನೇ ಮುದ್ರಿಸಿಕೊಂಡದ್ದುಂಟು. ಫಲ ಏನು? ನೋಟಿನ ಬೆಲೆ ಬಿತ್ತು, ಅಕ್ಕಿ-ಸಕ್ಕರೆಯ ಬೆಲೆ ಏರಿತು, ಬಡವ ಅನುಭವಿಸಿದ. 2017ರಲ್ಲಿ ದುಬೈನ ಡಿಪಿ ವರ್ಲ್ಡ್‌ಗೆ ಸೇರಿದ ಕಂಪನಿಯೊಂದಕ್ಕೆ ಬೊಸಾಸೊ ಬಂದರನ್ನು 30 ವರ್ಷಕ್ಕೆ ವಹಿಸುವ, 33.6 ಕೋಟಿ ಡಾಲರ್ ಹೂಡಿಕೆಯ ಒಪ್ಪಂದವಾಯಿತು. 2019ರಲ್ಲಿ ಆ ಬಂದರಿನ ಮ್ಯಾನೇಜರ್‌ನನ್ನೇ ಉಗ್ರರು ಗುಂಡಿಟ್ಟು ಕೊಂದರು. ಹೂಡಿಕೆಗೆ ಕಾಗದ ಸಾಲದು, ಭದ್ರತೆಯೂ ಬೇಕು.

ಸಂಬಳ ನಿಂತ ವರ್ಷ

ಇಲ್ಲಿಗೆ ಆಯಿಯ ಪ್ರಶ್ನೆ ಬಂತು. 1991ರ ನಂತರ ಕಾವಲಿಲ್ಲದ ಸೊಮಾಲಿ ಕಡಲಿಗೆ ವಿದೇಶಿ ಟ್ರಾಲರ್‌ಗಳು ನುಗ್ಗಿ ಮೀನು ಬಾಚಿದವು. ಸ್ಥಳೀಯ ಮೀನುಗಾರರ ಸಿಟ್ಟು ನಿಜ. ‘ನಾವು ಕಡಲು ಕಾಯುವವರು’ ಎಂದು ಕಡಲ್ಗಳ್ಳರು ಹೇಳಿಕೊಂಡದ್ದೂ ಅದೇ ಕಾರಣಕ್ಕೆ. ಆದರೆ ಆ ಮಾತನ್ನು ಪೂರ್ತಿ ನಂಬುವುದು ಕಷ್ಟ. ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಬೆವರು ಸುರಿಸುವ ಕೂಲಿಗೂ ಮೀನು ಕದ್ದ ಟ್ರಾಲರ್‌ಗೂ ಏನು ಸಂಬಂಧ?

ವಿಶ್ವಬ್ಯಾಂಕ್ ತನ್ನ ವರದಿಯಲ್ಲಿ ಹೇಳಿರುವ ಪ್ರಕಾರ 2005ರಿಂದ 2012ರವರೆಗೆ ಕಡಲ್ಗಳ್ಳರಿಗೆ ಸಂದ ಒತ್ತೆಹಣ 33.9 ಕೋಟಿಯಿಂದ 41.3 ಕೋಟಿ ಡಾಲರ್. ಅದರಲ್ಲಿ ಸಿಂಹಪಾಲು ಹೋದದ್ದು ದಡದಲ್ಲಿ ಕುಳಿತು ಬಂಡವಾಳ ಹಾಕಿದವರಿಗೆ. ಪ್ರಾಣ ಪಣಕ್ಕಿಟ್ಟು ಹಗ್ಗ ಹಿಡಿದು ಹಡಗು ಹತ್ತಿದ ಹುಡುಗನಿಗೆ ಸಿಕ್ಕಿದ್ದು ನೂರಕ್ಕೆ ಒಂದೆರಡು ಪಾಲು.

2008ರಲ್ಲಿ ಎಯ್ಲ್ ಎಂಬ ಪುಂಟ್‌ಲ್ಯಾಂಡ್‌ನ ಮೀನುಗಾರರ ಊರು ಕಡಲ್ಗಳ್ಳರ ರಾಜಧಾನಿ ಎಂದು ಪ್ರಪಂಚಕ್ಕೆಲ್ಲ ಹೆಸರಾಯಿತು. ಅದೇ ಹೊತ್ತಿನಲ್ಲಿ ಗರೊವೆಯ ಸರ್ಕಾರದ ಬಳಿ ಪೊಲೀಸರಿಗೂ ಸೈನಿಕರಿಗೂ ಸಂಬಳ ಕೊಡಲು ಹಣವಿರಲಿಲ್ಲ. ಈ ಎರಡೂ ಒಟ್ಟಿಗೆ ನಡೆದದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಸಂಬಳ ಸಿಗದ ಪೊಲೀಸ್ ಯಾರನ್ನು ಹಿಡಿದಾನು? ಕೆಲಸ ಸಿಗದ ಹುಡುಗ ಎಷ್ಟು ದಿನ ದಡದಲ್ಲಿ ಕುಳಿತಾನು? ಬೊಸಾಸೊದಿಂದ ಕಳ್ಳದೋಣಿ ಹತ್ತಿ ಯೆಮನ್ ಕಡೆಗೆ ಹೋಗುವ ಕಡಲಲ್ಲಿ ಮುಳುಗಿ ಸತ್ತವರ ಲೆಕ್ಕವನ್ನು ಯಾರೂ ಸರಿಯಾಗಿ ಇಟ್ಟಿಲ್ಲ.

ಆದರೆ ಕಥೆಯ ಇನ್ನೊಂದು ಭಾಗ ನಮ್ಮ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಇಲ್ಲ. 2010ರ ಮಾರ್ಚ್‌ನಲ್ಲಿ ‘ಎಂ.ವಿ. ಐಸ್‌ಬರ್ಗ್ 1’ ಎಂಬ ಹಡಗನ್ನು ಕಡಲ್ಗಳ್ಳರು ಹಿಡಿದರು. ಅದರಲ್ಲಿ ಯೆಮನ್, ಘಾನಾ, ಸುಡಾನ್, ಪಾಕಿಸ್ತಾನ, ಫಿಲಿಪ್ಪೀನ್ಸ್‌ನವರ ಜೊತೆ ಭಾರತೀಯರೂ ಇದ್ದರು. ಎರಡು ವರ್ಷ ಒಂಬತ್ತು ತಿಂಗಳು ಅವರು ಸೆರೆಯಲ್ಲಿದ್ದರು. ಎಲ್ಲರೂ ಬದುಕಿ ಉಳಿಯಲಿಲ್ಲ. ಕೊನೆಗೆ 2012ರ ಡಿಸೆಂಬರ್ 23ರಂದು ಉಳಿದ 22 ನಾವಿಕರು ಬಿಡುಗಡೆಯಾದರು. ಸುಮಾರು ಎರಡು ವಾರ ಹಡಗನ್ನು ಸುತ್ತುವರಿದು, ಗುಂಡಿನ ಚಕಮಕಿ ನಡೆಸಿ ಅವರನ್ನು ಬಿಡಿಸಿದ್ದು ಯಾರು? ಯುಎಇ ನೆರವಿನಿಂದ ಕಟ್ಟಲಾದ ಪುಂಟ್‌ಲ್ಯಾಂಡ್ ಕಡಲ ಪೊಲೀಸ್ ಪಡೆ. ‘ಕಡಲ್ಗಳ್ಳರ ನಾಡು’ ಎಂದು ನಾವು ನಕ್ಕ ಜಾಗದ ಹುಡುಗರೇ ಸಮವಸ್ತ್ರ ಹಾಕಿ ನಮ್ಮವರನ್ನು ಬಿಡಿಸಿದ್ದರು. ಅದೇ ಕಡಲು, ಅದೇ ವಯಸ್ಸಿನ ಹುಡುಗರು. ಒಬ್ಬನಿಗೆ ಸಂಬಳವಿತ್ತು, ಇನ್ನೊಬ್ಬನಿಗೆ ಇರಲಿಲ್ಲ. ಆಯಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ ಎಂದು ನನ್ನ ಎಣಿಕೆ.

ಬಾಗಿಲವರೆಗೆ ಬಂದ ಮತಪೆಟ್ಟಿಗೆ

ಉಳಿದರ್ಧ ಮತದಲ್ಲಿದೆ. 2021ರ ಅಕ್ಟೋಬರ್‌ನಲ್ಲಿ ಪುಂಟ್‌ಲ್ಯಾಂಡ್ ಒಂದು ಪ್ರಯೋಗ ಮಾಡಿತು. ಕರ್ಧೊ, ಎಯ್ಲ್ ಮತ್ತು ಉಫೆಯ್ನ್ ಎಂಬ ಮೂರು ಕಡೆ ಸ್ಥಳೀಯ ಸಂಸ್ಥೆಗಳಿಗೆ ಒಬ್ಬರಿಗೆ ಒಂದು ಮತದ ಚುನಾವಣೆ ನಡೆಸಿತು. ಹೌದು, ಅದೇ ಎಯ್ಲ್. ಹದಿಮೂರು ವರ್ಷ ಹಿಂದೆ ಕಡಲ್ಗಳ್ಳರಿಗೆ ಹೆಸರಾಗಿದ್ದ ಊರಿನಲ್ಲಿ ಜನ ಸಾಲಾಗಿ ನಿಂತು ಮತ ಹಾಕಿದರು. 2023ರ ಮೇ 25ರಂದು ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ ಅದೇ ರೀತಿ ಮತದಾನವಾಯಿತು. ಕುಲದ ಹೆಸರಿನ ಬದಲು ರಾಜಕೀಯ ಸಂಘಟನೆಗಳ ಹೆಸರಲ್ಲಿ ಅಭ್ಯರ್ಥಿಗಳು ನಿಂತರು. ಅಜ್ಜ-ಅಜ್ಜಿಯರು ಸುಮಾರು ಐವತ್ತು ವರ್ಷಗಳ ಬಳಿಕ, ಮೊಮ್ಮಕ್ಕಳು ಬದುಕಿನಲ್ಲಿ ಮೊದಲ ಸಲ ಮತ ಹಾಕಿದರು.

ಆದರೆ ರಾಜಧಾನಿ ಗರೊವೆಯಲ್ಲೇ ಮತದಾನ ನಡೆಯಲಿಲ್ಲ. ಅಧ್ಯಕ್ಷ ದೆನಿ ಈ ಚುನಾವಣೆಯ ನೆಪದಲ್ಲಿ ತಮ್ಮ ಅವಧಿ ಎಳೆಯಲು ನೋಡುತ್ತಿದ್ದಾರೆ ಎಂಬುದು ವಿರೋಧಿಗಳ ಶಂಕೆ. ಜೂನ್ 20ರಂದು ಸಂಸತ್ತು ಸಂವಿಧಾನ ತಿದ್ದುಪಡಿಯ ಚರ್ಚೆಗೆ ಕುಳಿತ ದಿನ ಗರೊವೆಯ ಬೀದಿಗಳಲ್ಲಿ ಸರ್ಕಾರಿ ಪಡೆಗಳಿಗೂ ವಿರೋಧಿ ಬಣದ ಸಶಸ್ತ್ರ ಗುಂಪಿಗೂ ಕಾಳಗವಾಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವರ್ಷದ ಕೊನೆಗೆ ದೆನಿ ಹಿಂದೆ ಸರಿದರು. ‘ಹಳೆಯ ಪದ್ಧತಿಯೇ ಇರಲಿ’ ಎಂಬ ತೀರ್ಮಾನವಾಯಿತು. 2024ರ ಜನವರಿ 8ರಂದು ಮತ್ತೆ 66 ಮಂದಿ ಸೇರಿದರು. 45 ಮತ ಪಡೆದು ದೆನಿ ಎರಡನೆಯ ಸಲ ಆರಿಸಿ ಬಂದರು.

ಎರಡೂ ಕಡೆಯವರ ತಪ್ಪಿಗೆ ದಂಡ ಕಟ್ಟಿದ್ದು ಯಾರು? ಮೇ ತಿಂಗಳಲ್ಲಿ ಸರದಿಯಲ್ಲಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಹುಡುಗ-ಹುಡುಗಿಯರು. ಊರಿನ ಕೌನ್ಸಿಲ್‌ಗೆ ಮತ ಹಾಕಲು ಯೋಗ್ಯರಾದವರು, ಏಳೆಂಟು ತಿಂಗಳ ನಂತರ ಅಧ್ಯಕ್ಷರನ್ನು ಆರಿಸಲು ಅಯೋಗ್ಯರಾದರು.

ಇಲ್ಲಿ ಇನ್ನೊಂದು ವಿಪರ್ಯಾಸವನ್ನೂ ನೋಡಬೇಕು. 2024ರ ಮಾರ್ಚ್ ಕೊನೆಯಲ್ಲಿ ಮೊಗದಿಶುವಿನ ಸಂಸತ್ತು ದೇಶದ ಸಂವಿಧಾನಕ್ಕೆ ತಿದ್ದುಪಡಿ ತಂದಿತು. ‘ನಮ್ಮನ್ನು ಕೇಳದೆ ಬದಲಿಸಿದ್ದೀರಿ’ ಎಂದು ಪುಂಟ್‌ಲ್ಯಾಂಡ್ ಕೇಂದ್ರ ಸರ್ಕಾರಕ್ಕೆ ನೀಡಿದ್ದ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಎಲ್ಲರೂ ಒಪ್ಪಿದ ಸಂವಿಧಾನ ಜನಮತಗಣನೆಯಲ್ಲಿ ಗೆಲ್ಲುವವರೆಗೆ ತನ್ನ ಆಡಳಿತ ತನ್ನದೇ ಎಂದಿತು. ಒಕ್ಕೂಟ ವ್ಯವಸ್ಥೆಯಲ್ಲಿ ರಾಜ್ಯಗಳನ್ನು ಕೇಳದೆ ನಿಯಮ ಬದಲಿಸಬಾರದು ಎಂಬ ಅವರ ವಾದ ನನಗೆ ನ್ಯಾಯವೆಂದೇ ಕಾಣುತ್ತದೆ. ಆದರೆ ಮೊಗದಿಶುವಿಗೆ ‘ನಮ್ಮನ್ನು ಕೇಳಿ’ ಎನ್ನುವ ಗರೊವೆ, ತನ್ನದೇ ಯುವಜನರನ್ನು ಯಾವಾಗ ಕೇಳುತ್ತದೆ?

ಆಕ್ಷೇಪಗಳಿಗೆ ಉತ್ತರ

ನನ್ನ ಈ ಮಾತಿಗೆ ಎರಡು ಆಕ್ಷೇಪ ಬರಬಹುದು. ಎರಡೂ ಹಗುರವಾದವಲ್ಲ.

ಮೊದಲನೆಯದು: ನೇರ ಮತದಾನ ಬಂದರೆ ದೊಡ್ಡ ಕುಲ ಗೆಲ್ಲುತ್ತದೆ, ಸಣ್ಣ ಕುಲ ಮೂಲೆಗುಂಪಾಗುತ್ತದೆ. ಹಿರಿಯರ ಪದ್ಧತಿಯಲ್ಲಿ ಎಲ್ಲರಿಗೂ ಒಂದು ಪಾಲು ಇದೆ. ಇದು ನಿಜವಾದ ಭಯ. ನಮ್ಮಲ್ಲೂ ಜಾತಿ ಲೆಕ್ಕ ಹಾಕದೆ ಟಿಕೆಟ್ ಕೊಡುವ ಪಕ್ಷ ಅಪರೂಪ. ಆದರೆ ಅದಕ್ಕೆ ಮದ್ದು ಸೀಟು ಮೀಸಲಿಡುವುದು, ಜಿಲ್ಲಾವಾರು ಪ್ರಾತಿನಿಧ್ಯ ಕೊಡುವುದು. ಮತವನ್ನೇ ಕೊಡದಿರುವುದು ಮದ್ದಲ್ಲ. ಕುಲದ ಪಾಲು ಉಳಿಸಿಕೊಂಡೇ ಆ ಪಾಲಿನ ಪ್ರತಿನಿಧಿಯನ್ನು ಕುಲದ ಎಲ್ಲ ಗಂಡಸರು, ಹೆಂಗಸರು ಮತ ಹಾಕಿ ಆರಿಸಲಿ. ಅದು ಮೊದಲ ಮೆಟ್ಟಿಲಾದೀತು.

ಎರಡನೆಯದು: ಭದ್ರತೆ ಇಲ್ಲದ ಕಡೆ ಚುನಾವಣೆ ಹೇಗೆ? ಬೊಸಾಸೊದ ಆಗ್ನೇಯಕ್ಕಿರುವ ಕಲ್ ಮಿಸ್ಕಾದ್ ಬೆಟ್ಟಗಳಲ್ಲಿ ಇಸ್ಲಾಮಿಕ್ ಸ್ಟೇಟ್ ಉಗ್ರರು ಬೇರು ಬಿಟ್ಟಿದ್ದರು. 2016ರಲ್ಲಿ ಕಂದಲಾ ಎಂಬ ಊರನ್ನೇ ಕೆಲವು ವಾರ ಹಿಡಿದಿಟ್ಟಿದ್ದರು. ಇದೂ ನಿಜ. ಆದರೆ 2024ರ ಕೊನೆಯಿಂದ ಆ ಬೆಟ್ಟಗಳಿಗೆ ನುಗ್ಗಿ ಒಂದೊಂದೇ ನೆಲೆ ಬಿಡಿಸಿದವರು ಯಾರು? ವಿದೇಶಗಳು ಆಕಾಶದಿಂದ ನೆರವು ಕೊಟ್ಟವು. ನೆಲದ ಮೇಲೆ ನಡೆದು ಸತ್ತವರು ಪುಂಟ್‌ಲ್ಯಾಂಡ್‌ನ ಸ್ವಂತ ಹುಡುಗರು. ರಾಜ್ಯಕ್ಕಾಗಿ ಗುಂಡಿಗೆ ಎದೆ ಕೊಡಲು ಇಪ್ಪತ್ತು ವರ್ಷ ಸಾಕು ಎಂದಾದರೆ, ಆ ರಾಜ್ಯದ ಅಧ್ಯಕ್ಷರನ್ನು ಆರಿಸಲು ಅದೇ ಇಪ್ಪತ್ತು ಸಾಲದೇ?

ಮತ ಹಾಕಿದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಹಾಗಿದ್ದರೆ ನಮ್ಮ ಸೀನಿಯರ್‌ಗಳು ನೇಮಕಾತಿ ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯಬೇಕಿರಲಿಲ್ಲ. ಆದರೆ ಮತ ಇದ್ದವನನ್ನು ಐದು ವರ್ಷಕ್ಕೊಮ್ಮೆಯಾದರೂ ಕೇಳಲೇಬೇಕು. ಬಂದರಿನ ಸುಂಕ ಎಲ್ಲಿ ಹೋಯಿತು, ಪೊಲೀಸರ ಸಂಬಳ ಯಾಕೆ ನಿಂತಿತು, ನೋಟು ಮುದ್ರಿಸಿದ್ದು ಯಾರು ಎಂದು ಅವನು ಲೆಕ್ಕ ಕೇಳಬಹುದು. ಅಧ್ಯಕ್ಷರು 66 ಮಂದಿಯನ್ನು ಒಲಿಸಿಕೊಂಡರೆ ಸಾಕು ಎನ್ನುವಾಗ ಅವರು ಆ 66 ಮಂದಿಯ ಮನೆ ಬಾಗಿಲಿಗೆ ಹೋಗುತ್ತಾರೆ. ಲಕ್ಷಾಂತರ ಜನರನ್ನು ಒಲಿಸಬೇಕು ಎಂದಾದಾಗ ಮೀನುಗಾರರ ಊರಿಗೆ ಜೆಟ್ಟಿಯ ನೆನಪಾದರೂ ಬಂದೀತು.

2024ರ ಮೇ 7ರಂದು ನಾನು ಮೊದಲ ಸಲ ಮತ ಹಾಕಿದೆ. ಹಾಸ್ಟೆಲ್‌ನಿಂದ ರಾತ್ರಿ ಬಸ್ ಹಿಡಿದು ಊರಿಗೆ ಹೋಗಿದ್ದೆ. ನನ್ನ ರೂಮಿನ ಇಬ್ಬರು ಹೋಗಲಿಲ್ಲ. ‘ನಮ್ಮ ಒಂದು ಮತದಿಂದ ಏನಾಗುತ್ತೋ’ ಎಂದರು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಇದೆ. ಗರೊವೆಯಲ್ಲಿ ಒಂದು ಮತದಿಂದ ಸರ್ಕಾರ ಬದಲಾಯಿತು ಎಂದು ಹೇಳುತ್ತೇನೆ. ಆ ಒಂದು ಮತ ತಮ್ಮದಾಗಲಿ ಎಂದು ಅಲ್ಲಿ ನಮ್ಮದೇ ವಯಸ್ಸಿನವರು ಇನ್ನೂ ಕಾಯುತ್ತಿದ್ದಾರೆ ಎಂದೂ ಹೇಳುತ್ತೇನೆ.

ಪುಂಟ್‌ಲ್ಯಾಂಡ್‌ನ ಮುಂದಿನ ಅಧ್ಯಕ್ಷರ ಆಯ್ಕೆ 2029ರ ಜನವರಿಗೆ ಬರಬೇಕು. 1998ರಲ್ಲಿ ಹಿರಿಯರು ಮೂರು ತಿಂಗಳು ಕುಳಿತು ರಾಜ್ಯ ಕಟ್ಟಿದರು. ಅಷ್ಟೇ ತಾಳ್ಮೆಯಿಂದ ಮತ್ತೊಮ್ಮೆ ಕುಳಿತು ಮತದ ದಾರಿಯನ್ನೂ ಮಾಡಿಕೊಡಲಿ. ಸಮಯ ಇನ್ನೂ ಇದೆ.

ಮೊನ್ನೆ ರಜೆಗೆ ಊರಿಗೆ ಹೋದಾಗ ಪಕ್ಕದ ಮನೆಯ ಆಯಿಗೆ ಐಸ್‌ಬರ್ಗ್ ಹಡಗಿನ ಕಥೆ ಹೇಳಿದೆ. ಬಿಡಿಸಿದವರು ಆ ಊರಿನ ಹುಡುಗರೇ ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಅವರ ಆಯಂದಿರೂ ನಮ್ಮ ಹಾಗೇ ಕಾಯ್ತಾ ಇದ್ದಿರ್ಬೇಕಲ್ವೋ ತಮಾ’ ಎಂದರು. ಹಾಸ್ಟೆಲ್‌ಗೆ ಮರಳಿದ ಮೇಲೆ ಸೀನಿಯರ್‌ಗೆ ಹೇಳಿದೆ: ‘ಅಣ್ಣಾ, ಸೊಮಾಲಿಯಾದ ಬಗ್ಗೆ ನನಗೆ ಇನ್ನೊಂದು ಪ್ರಶ್ನೆ ಕೇಳಿ.’